ಸೋರಿಕೆಗೆ ಬಾಗಿನ

“ಬುದ್ಧಿ, ಒಂದು ಪರೀಕ್ಷೆಗೂ ಇನ್ನೊಂದು ಪರೀಕ್ಷೆಗೂ ನಡುವೆ ಮನುಷ್ಯ ಬದುಕುವುದು ಹೇಗೆ?”

ಹೀಗೆ ಕೇಳಿದವನು ಚನ್ನವೀರಯ್ಯ. ಮಠದ ಮಕ್ಕಳಿಗೆ ಸಂಜೆ ಹಾರ್ಮೋನಿಯಂ ಹೇಳಿಕೊಡುತ್ತಿದ್ದ ನಿವೃತ್ತ ಮೇಷ್ಟ್ರು. ಪ್ರಾಸ್ಟೇಟ್ ಗ್ರಂಥಿಗೆಂದು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಅಂಕಿ ಸ್ವಲ್ಪ ಮೇಲಿತ್ತು. ಮತ್ತೆ ಮಾಡಿಸಿದಾಗ ಇನ್ನಷ್ಟು ಮೇಲೆ ಹೋಗಿತ್ತು. ಈಗಲೇ ಏನೂ ಮಾಡುವುದು ಬೇಡ, ಆರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡೋಣ ಎಂದಿದ್ದರು ಡಾಕ್ಟರು. ಅಂದಿನಿಂದ ಅವನು ಹಾರ್ಮೋನಿಯಮ್ಮಿನ ಗವಸು ತೆಗೆದಿರಲಿಲ್ಲ. ಊಟ ಮಾಡಿ ಎದ್ದ ಮೇಲೆ ತಟ್ಟೆಯಲ್ಲಿ ಏನಿತ್ತೆಂದು ಹೆಂಡತಿ ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಮಠದ ಗುರುಗಳು ಅವನಿಗೆ ಕೂರಲು ಹೇಳಿ, ಕತೆ ಶುರು ಮಾಡಿದರು.

ಒಬ್ಬ ರೈತನಿದ್ದ. ಅವನ ಗದ್ದೆ, ಮನೆ ಎರಡೂ ಕೆರೆ ಏರಿಯ ಕೆಳಗೇ ಇದ್ದವು. ಒಂದು ವರ್ಷ ಕೆರೆ ತುಂಬಿದಾಗ ಏರಿಯ ಬುಡದಲ್ಲಿ ನೀರು ಜಿನುಗತೊಡಗಿತು. ರೈತನ ಜೀವ ಬಾಯಿಗೆ ಬಂತು. ಏರಿ ಒಡೆದರೆ ಮೊದಲು ಕೊಚ್ಚಿಹೋಗುವವನು ಅವನೇ. ಕೆರೆ ಕಾಯುವ ನೀರುಗಂಟಿ ಬಂದು ನೋಡಿದ. ಜಿನುಗುವಲ್ಲಿ ಒಂದು ಗುಂಡಿ ತೋಡಿ, ಸುತ್ತ ಕಲ್ಲು ಜೋಡಿಸಿ, ನೀರು ಅದರಲ್ಲಿ ನಿಲ್ಲುವ ಹಾಗೆ ಮಾಡಿದ.

“ಮಣ್ಣಿನ ಏರಿ ಅಂದಮೇಲೆ ಅಷ್ಟಿಷ್ಟು ಜಿನುಗುತ್ತೆ. ನೀರು ತಿಳಿಯಾಗಿದ್ದರೆ ಹೆದರೋದು ಬೇಡ. ಕೆಂಪಗೆ ಕದಡಿ ಬಂದರೆ ಒಳಗೆ ಮಣ್ಣು ಕರಗ್ತಿದೆ ಅಂತ ಅರ್ಥ. ಆಗ ಊರೆಲ್ಲ ಸೇರಿ ಜೇಡಿಮಣ್ಣು ತುಂಬಿ ಗಟ್ಟಿ ಮಾಡೋಣ. ಸೋಮವಾರ ಸೋಮವಾರ ಬಂದು ನೋಡ್ತೀನಿ. ನೀನು ನಾಟಿ ಮಾಡು,” ಎಂದ.

ಮುಂದಿನ ಸೋಮವಾರ ಗುಂಡಿಯ ನೀರು ಹೆಚ್ಚಿತ್ತು. ತಿಳಿಯಾಗಿತ್ತು. ಅದರ ಮುಂದಿನ ಸೋಮವಾರ ಇನ್ನೂ ಹೆಚ್ಚಿತ್ತು. ಆಗಲೂ ತಿಳಿಯಾಗಿಯೇ ಇತ್ತು. “ಹೆಚ್ಚಾಗಿರೋದು ನಿಜ. ಇನ್ನೂ ನೋಡೋಣ,” ಎಂದು ನೀರುಗಂಟಿ ಹೊರಟುಹೋದ. ರೈತನ ಕಿವಿಗೆ ಬಿದ್ದದ್ದು ‘ಹೆಚ್ಚಾಗಿದೆ’ ಎಂಬುದೊಂದೇ. ಸಸಿಮಡಿಯಲ್ಲಿ ಪೈರು ಬೆಳೆದು ನಿಂತಿತ್ತು. ಕೊಚ್ಚಿಹೋಗುವ ಗದ್ದೆಗೆ ನಾಟಿ ಬೇರೆ ಕೇಡು ಎಂದುಕೊಂಡು, ಅವನು ಗುಂಡಿಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತುಬಿಟ್ಟ. ಕೂತವನ ಕೈ ಸುಮ್ಮನಿರುತ್ತದೆಯೇ? ನೀರು ಎಲ್ಲಿಂದ ಬರುತ್ತಿದೆ ನೋಡೋಣವೆಂದು ಬೆರಳಿಟ್ಟು ಕೆದಕಿದ. ಕಾಣಲಿಲ್ಲವೆಂದು ಇನ್ನಷ್ಟು ಕೆದಕಿದ. ನೀರು ಕೆಂಪಾಯಿತು. ಬಿದ್ದೆನೋ ಎದ್ದೆನೋ ಎಂದು ಓಡಿ ಊರನ್ನೇ ಕರೆತಂದ.

ಜನ ಗುದ್ದಲಿ, ಪುಟ್ಟಿ ಹಿಡಿದು ಬಂದರು. ನೀರುಗಂಟಿ ಒಮ್ಮೆ ಗುಂಡಿ ನೋಡಿದ, ಒಮ್ಮೆ ರೈತನ ಕೈ ನೋಡಿದ. ಉಗುರಿನ ತುಂಬ ಕೆಮ್ಮಣ್ಣು. ಎಲ್ಲರಿಗೂ ಕೂರಲು ಹೇಳಿ ತಾನೂ ಕೂತ. ಕೆಸರು ತಳ ಸೇರಿ, ನೀರು ಮೊದಲಿನಂತೆ ತಿಳಿಯಾಯಿತು.

“ಭಯ ಆಗುತ್ತಣ್ಣ,” ಎಂದ ರೈತ ತಲೆ ತಗ್ಗಿಸಿ. “ನಾಳೆ ನಿಜವಾಗಿಯೂ ಕೆಂಪಾದರೆ?”

“ಆಗಬಹುದು. ಆದರೆ ಆದದ್ದು ನಮಗೆ ಗೊತ್ತಾಗುತ್ತೆ. ನಮ್ಮಜ್ಜನ ಕಾಲದಲ್ಲಿ ಹಿಂಗೆ ಗುಂಡಿ ತೋಡೋ ಪದ್ಧತಿ ಇರಲಿಲ್ಲ. ನೀರು ನಡುಮನೆಗೆ ನುಗ್ಗಿದಾಗಲೇ ಏರಿ ಹೋಯ್ತು ಅಂತ ತಿಳೀತಿತ್ತು. ನೋಡೋ ಕೆಲಸ ನಂದು. ನಾಟಿ ಕೆಲಸ ನಿಂದು.”

ಭಯ ಅಂದೇ ಹೋಗಲಿಲ್ಲ. ಅದನ್ನು ಬದುವಿನ ಮೇಲೆ ಕೂರಿಸಿ ರೈತ ಗದ್ದೆಗೆ ಇಳಿದ. ಆಗಾಗ ತಲೆಯೆತ್ತಿ ಏರಿಯ ಕಡೆ ನೋಡುತ್ತಿದ್ದ, ಮತ್ತೆ ಬಗ್ಗಿ ನೆಡುತ್ತಿದ್ದ. ಸೋಮವಾರ ನೀರುಗಂಟಿಯ ಜೊತೆ ಹೋಗಿ ಗುಂಡಿಯಲ್ಲಿ ಇಣುಕುತ್ತಿದ್ದ. ಉಳಿದ ದಿನ ಆ ಕಡೆ ಸುಳಿಯುತ್ತಿರಲಿಲ್ಲ.

ಕೆರೆ ತುಂಬಿದಾಗ ಊರವರು ಕೆರೆಗೆ ಬಾಗಿನ ಕೊಡುವುದುಂಟು. ಸುಗ್ಗಿ ಮುಗಿದು ಭತ್ತ ಮನೆಗೆ ಬಂದಾಗ ಆ ರೈತ ಹೆಂಡತಿಯನ್ನು ಕರೆದುಕೊಂಡು ಹೊರಟ. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಹೊಸ ಅಕ್ಕಿ ಇಟ್ಟು, ಇಬ್ಬರೂ ಆ ಗುಂಡಿಗೆ ಬಾಗಿನ ಕೊಟ್ಟರು. ಊರವರು ನಕ್ಕರು. ಕೆರೆಗೆ ಕೊಡುವುದು ಕಂಡಿದ್ದೇವೆ, ಸೋರಿಕೆಗೆ ಬಾಗಿನ ಕೊಡುವವನನ್ನು ಇವತ್ತೇ ಕಂಡದ್ದು ಎಂದರು. ರೈತನ ಕಣ್ಣು ತುಂಬಿತ್ತು. ಮುಗಿದ ಕೈ ಬಿಡದೆ ಹೇಳಿದ: “ಕೆರೆ ನನಗೆ ನೀರು ಕೊಡ್ತು. ಈ ಗುಂಡಿ ನನಗೆ ವಾರದಲ್ಲಿ ಆರು ದಿನ ಕೊಡ್ತು.”

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಚನ್ನವೀರಯ್ಯ ಕಾದ. ಅವರು ಮುಂದುವರಿಸುವ ಹಾಗೆ ಕಾಣಲಿಲ್ಲ. ತಡೆಯಲಾರದೆ ಕೇಳಿಯೇಬಿಟ್ಟ:

“ಆಮೇಲೆ, ಬುದ್ಧಿ? ಗುಂಡಿಯ ನೀರು ಕೆಂಪಾಯಿತೇ?”

“ಗುಂಡಿಯದ್ದು ಕೇಳಿದೆ, ಚನ್ನವೀರಯ್ಯ, ಆ ಹೊಸ ಅಕ್ಕಿಯ ಅನ್ನ ಹೇಗಿತ್ತು ಅಂತ ಕೇಳಲಿಲ್ಲವಲ್ಲ,” ಎಂದರು ಗುರುಗಳು.