ಉಪ್ಪಿಲ್ಲದ ಮಾಂಸದ ಒಗಟು

"ಕೇಳಿರಪ್ಪೋ ಕೇಳಿ! ದೊರೆಯ ಮೂರು ಒಗಟು ಬಿಡಿಸಿದವನಿಗೆ ದೊರೆಮಗಳು ಇಲ್ಹಾ! ತಪ್ಪಿದವನಿಗೆ ತಲೆದಂಡ! ಸಾಲಿಗೆ ನಿಂತವನು ಹಿಂದೆ ಸರಿಯುವಂತಿಲ್ಲ!"

ಉತ್ತರದ ಹಿಮಸೀಮೆಯ ಮಂಚು ಜನರ ದೊರೆ ಹೀಗೆ ಡಂಗುರ ಹೊಡೆಸಿದ. ಕಿವಿಮುಚ್ಚುವ ತುಪ್ಪಳದ ಟೋಪಿ ಹಾಕಿದ್ದ ಯಾರ್ಹಾನಿಗೆ ಅದು ಕೇಳಿಸಲೇ ಇಲ್ಲ. ಹುಳಿ ಎಲೆಕೋಸು ಮಾರುವವನು, ಅರಮನೆ ಅಡುಗೆಮನೆಗೆಂದು ಬಂದು ಕಂಡ ಸಾಲಿಗೆ ನಿಂತುಬಿಟ್ಟ. ಪುಣ್ಯಾತ್ಮ, ಅದು ವರರ ಸಾಲು!

"ಅಯ್ಯೋ, ನಾನು ಕೋಸು ಕೊಡೋಕೆ ಬಂದೋನು ಸ್ವಾಮಿ!"

"ನಿಂತಾಯ್ತಲ್ಲ, ಇನ್ನೇನು," ಎಂದ ಕಾವಲುಗಾರ.

ದೊರೆ ಕೇಳಿದ: "ಕಲ್ಲು ಹೇರಿ ಮುಚ್ಚಿಟ್ಟರೆ ಹುಳಿಯುತ್ತದೆ, ಕೆಡುವುದಿಲ್ಲ. ಚಳಿಗಾಲವಿಡೀ ಮನೆಮಂದಿಯನ್ನು ಸಾಕುತ್ತದೆ. ಏನದು?"

"ಹಳೆಯ ನೆನಪು, ಪ್ರಭು," ಎಂದ, ಸಾಲಿನಲ್ಲಿ ಮುಂದಿದ್ದ ಪಂಡಿತನನ್ನು ಸೆರೆಗೆ ದಬ್ಬಿದರು. ಯಾರ್ಹಾ ಕಕ್ಕಾಬಿಕ್ಕಿಯಾದ. ಇಷ್ಟು ಓದಿದವನಿಗೆ ಗೊತ್ತಿಲ್ಲವೇ, ಇಲ್ಲ ತನಗೇ ತಲೆ ಕೆಟ್ಟಿದೆಯೇ?

"ಹುಳಿ ಕೋಸು... ಅಲ್ವಾ ಪ್ರಭು?"

"ಹೌದು! ಇನ್ನೊಂದು ಕೇಳು: ಮರದ ಮೇಲೆ ಹೊಂಬಣ್ಣ, ಮಂಜಿಗೆ ಬಿದ್ದರೆ ಕಪ್ಪು ಕಲ್ಲು. ತಣ್ಣೀರಲ್ಲಿ ನೆನೆಸಿದರೆ ಮೈಮೇಲೆ ಮಂಜು ಕಟ್ಟಿ ಒಳಗೆ ಜೇನಾಗುತ್ತದೆ. ಏನದು?"

"ಹೆಣ್ಣಿನ ಮನಸ್ಸು," ಎಂದ ವ್ಯಾಪಾರಿಯ ಮಗ. ಇಲ್ಹಾ ಮೂತಿ ತಿರುಗಿಸಿದಳು. ಅವನೂ ಸೆರೆಗೆ ಹೋದ.

"ಚಳಿಗೆ ಹೆಪ್ಪುಗಟ್ಟಿದ ಮರಸೇಬು," ಎಂದ ಯಾರ್ಹಾ, ಇನ್ನಷ್ಟು ಗಲಿಬಿಲಿಗೊಂಡು. ಅದೂ ಸರಿಯಾಯಿತು.

ಕೊನೆಗೆ ಉಪ್ಪು ಹಾಕದೆ ಬೇಯಿಸಿದ ಹಂದಿಮಾಂಸ ಬಂತು. "ಹಿರಿಯರಿಗೆ ಎಡೆಯಿಟ್ಟದ್ದು. ತಿಂದವನು ಮನೆಯೊಡೆಯನಿಗೆ ಏನು ಕೊಡಬೇಕು?"

ಸೇನಾಪತಿಯ ಮಗ ತಿಂದು, ಬಾಗಿ, "ವಂದನೆ" ಎಂದ. ಅವನನ್ನೂ ಎಳೆದೊಯ್ದರು.

ಎಡೆಯ ಊಟ ಉಂಡಾಗ ಅವರಪ್ಪ ಯಾರಿಗೂ ಏನೂ ಕೊಟ್ಟದ್ದನ್ನು ಯಾರ್ಹಾ ಕಂಡಿರಲಿಲ್ಲ. ತಿಂದು ಮುಗಿಸಿ ತಟ್ಟೆ ಚಾಚಿದ: "ಏನೂ ಕೊಡಬಾರದು ಪ್ರಭು. ಇನ್ನೊಂದಿಷ್ಟು ಬಡಿಸಿ."

ದೊರೆ ತಾನೇ ಕೊಯ್ದು ಬಡಿಸಿದ. "ಭೇಷ್! ಉಣಿಸುವವರು ಹಿರಿಯರು. ಅವರಿಗೆ ಸಲ್ಲುವ ವಂದನೆಯನ್ನು ನಾನು ಹೇಗೆ ತೆಗೆದುಕೊಳ್ಳಲಿ? ಮತ್ತೆ ಮತ್ತೆ ಕೇಳಿದಷ್ಟೂ ಅವರಿಗೆ ಹಿಗ್ಗು. ಮಗಳು ನಿನ್ನವಳಪ್ಪಾ!"

ಇಲ್ಹಾ ನಕ್ಕಳು. ಯಾರ್ಹಾನಿಗೆ ನಗು ಬರಲಿಲ್ಲ. "ಆ ಮೂವರು?"

"ನಾಳೆ ತಲೆ ಹೋಗುತ್ತದೆ."

"ಎಡೆಯ ಊಟಕ್ಕೆ ದಾರಿಹೋಕನನ್ನೂ ಕೂರಿಸುವುದು ನಮ್ಮ ಪದ್ಧತಿ. ಅವರನ್ನೂ ಕೂರಿಸಿ ಪ್ರಭು. ಹಿರಿಯರ ಎಡೆ ಉಂಡವನ ಕತ್ತು ಕೊಯ್ಯುತ್ತಾರೆಯೇ?"

ಈಗ ತಬ್ಬಿಬ್ಬಾಗುವ ಸರದಿ ದೊರೆಯದು. ಗಡ್ಡ ಕೆರೆದುಕೊಂಡು, ಅವರನ್ನು ಕರೆಸಿದ. ಮೂವರೂ ಅಳುತ್ತಾ ತಿಂದರು, ಒಬ್ಬನೂ ವಂದನೆ ಹೇಳಲಿಲ್ಲ. ತಟ್ಟೆ ಚಾಚಿ ಚಾಚಿ ಬೇಡಿದರು. ಬಡಿಸಿ ಬಡಿಸಿ ದೊರೆಯ ಕೈ ಸೋತಿತು, ಕೊಲ್ಲಲು ಯಾರೂ ಉಳಿಯಲಿಲ್ಲ.