ಬೇಳೆಕಟ್ಟು ಕುಡಿದ ಬಿಲ್ಲೆಗಳು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಹೊಟ್ಟೆ ತುಂಬಿದವನು ಸೋಮಾರಿಯಾಗುತ್ತಾನೆ ಎನ್ನುತ್ತಾರಲ್ಲ. ಹಾಗಾದರೆ ಆಳುಗಳನ್ನು ಅರೆಹೊಟ್ಟೆಯಲ್ಲಿಡುವುದೇ ಜಾಣತನವೇ?"

ಗುರುಗಳು ಹೇಳಿದರು:

ಒಬ್ಬ ಹೆಂಗಸಿದ್ದಳು. ಕಡಲಪಾಚಿಯ ಲೋಳೆಯನ್ನು ಗಟ್ಟಿಮಾಡಿ ಅಗಲವಾದ ಬಿಲ್ಲೆಗಳನ್ನು ಎರೆದು, ಅವುಗಳೊಳಗೆ ಸೂಕ್ಷ್ಮಜೀವಿಗಳನ್ನು ನೆಲೆಗೊಳಿಸಿದ್ದಳು. ತೊಟ್ಟಿಯಲ್ಲಿಟ್ಟು ಬೆಲ್ಲದ ನೀರು ಹೊಯ್ದರೆ ಅವು ಅದನ್ನು ಉಂಡು ಸಣ್ಣ ಎಳೆ ನೂಲುತ್ತಿದ್ದವು. ಬಿಲ್ಲೆಯ ಮೇಲೆ ತೆಳ್ಳನೆಯ ಹಾಳೆ ಕಟ್ಟುತ್ತಿತ್ತು. ಹಾಳೆ ಸುಲಿದರೂ ಬಿಲ್ಲೆ ಸಾಯುತ್ತಿರಲಿಲ್ಲ, ಮತ್ತೆ ನೂಲುತ್ತಿತ್ತು. ಜನ ಪ್ಲಾಸ್ಟಿಕ್ಕಿನ ಬದಲು ಆ ಹಾಳೆಯಲ್ಲಿ ಸಾಮಾನು ಕಟ್ಟುತ್ತಿದ್ದರು. ಎಸೆದರೆ ಅದು ಮಣ್ಣಾಗುತ್ತಿತ್ತು.

ತೊಟ್ಟಿಗಳಿದ್ದ ಜಾಗ ಒಬ್ಬ ವರ್ತಕನದು. ಹಾಳೆ ಸುಲಿದು ಒಣಗಿಸುವ ಹೆಂಗಸರಿಗೆ ಮಧ್ಯಾಹ್ನದ ಊಟವೂ ಅವನದೇ.

ಒಂದು ದಿನ ವರ್ತಕ ಕೇಳಿದ: "ಬರೀ ಬೆಲ್ಲದ ನೀರೇ? ಪಾಪ, ಸ್ವಲ್ಪ ಬೇಳೆಕಟ್ಟು ಹಾಕಬಾರದೇನಮ್ಮಾ?"

"ಬೇಡಿ ಸ್ವಾಮಿ. ಬೇಳೆಕಟ್ಟು ಕುಡಿದರೆ ಇವು ಮಕ್ಕಳುಮರಿ ಮಾಡಿಕೊಂಡು ಕೂರುತ್ತವೆ. ನೂಲುವುದು ಮರೆತೇಹೋಗುತ್ತದೆ."

ವರ್ತಕ ತಲೆದೂಗಿದ. ಮರುದಿನ ಹೆಂಗಸರ ತಟ್ಟೆಗೆ ಅನ್ನ ಬಿತ್ತು, ಬೇಳೆ ಬೀಳಲಿಲ್ಲ.

ಬಿಲ್ಲೆ ಎರೆದವಳು ಹೋಗಿ ಏಕೆಂದು ಕೇಳಿದಳು. ವರ್ತಕ ನಕ್ಕ: "ನೀನೇ ಕಲಿಸಿದ ಪಾಠ ತಾಯಿ. ಗುರುದಕ್ಷಿಣೆ ಬೇಕೇನು?"

"ಬೇಕು" ಅಂದಳು. ನೇರ ಅವನ ಅಡುಗೆಮನೆಗೆ ನುಗ್ಗಿ, ಅವನಿಗೆಂದು ಬೇಯಿಸಿಟ್ಟಿದ್ದ ಬೇಳೆಯ ಪಾತ್ರೆ ಎತ್ತಿ ತಂದು, ಕಟ್ಟನ್ನೆಲ್ಲ ತೊಟ್ಟಿಗಳಿಗೆ ಸುರಿದಳು.

ವರ್ತಕ ಕೂಗಿದ: "ಅಯ್ಯೋ, ಇವು ನೀನೇ ಕೈಯಾರೆ ಬೆಳೆಸಿದ್ದಲ್ಲವೇ!"

"ಹೌದು, ನಾನೇ. ಈಗ ಉಣ್ಣಲಿ. ಈ ಹೆಂಗಸರಿಗೆ ಬೇಳೆ ಬಡಿಸಿದ ದಿನ ಬಿಲ್ಲೆ ತೊಳೆಯುತ್ತೇನೆ. ಅಷ್ಟರಲ್ಲಿ ಸಾಯದೆ ಉಳಿದದ್ದು ಮತ್ತೆ ನೂಲುತ್ತದೆ."

ಬಿಲ್ಲೆಗಳು ಊದಿಕೊಂಡವು. ಹಾಳೆ ಕಟ್ಟಲಿಲ್ಲ. ಹೆಂಗಸರು ತಟ್ಟೆ ಬೋರಲು ಹಾಕಿ ಕುಳಿತರು. ಕೆಲವು ಬಿಲ್ಲೆಗಳು ಬಿರಿದು ನಾರತೊಡಗಿದವು. ಅವಳು ಅವನ್ನು ನೋಡುತ್ತ ಕಣ್ಣೊರೆಸಿಕೊಂಡಳೇ ಹೊರತು ತೊಳೆಯಲು ನೀರು ಮುಟ್ಟಲಿಲ್ಲ. ಕೊನೆಗೆ ವರ್ತಕ ತಾನೇ ಸೌಟು ಹಿಡಿದು ಬಂದು ಬೇಳೆ ಬಡಿಸಿದ. ಹೆಂಗಸರೆಲ್ಲ ಉಂಡೆದ್ದ ಮೇಲೆ ಅವಳು ಅಳಿದುಳಿದ ಬಿಲ್ಲೆಗಳನ್ನು ತೊಳೆಯಲು ಕುಳಿತಳು.

ಶಿಷ್ಯನ ಮುಖ ಅರಳಿತು: "ತಿಳಿಯಿತು ಗುರುಗಳೇ. ಅಂದರೆ, ಆ ಸೂಕ್ಷ್ಮಜೀವಿಗಳಿಂದ ನಾವು ಕಲಿಯಬೇಕಾದ ನೀತಿ ಏನೆಂದರೆ..."

ಗುರುಗಳು ತಡೆದರು: "ಆ ವರ್ತಕನೂ ಅಲ್ಲಿ ನೀತಿಯನ್ನೇ ಹುಡುಕಿದ್ದ."