ಗೌಡರ ಲಾಡ್ಜಿನ ತಂಪು

ರಾಯಚೂರಿನ ಕಡುಬೇಸಿಗೆ. ಅಮರೇಗೌಡರ ಲಾಡ್ಜಿನ ಒಂದು ರೂಮಿಗೆ ಎಸಿ ಕೂಡಿಸಿದ ಹುಸೇನಪ್ಪ ಕರಾರಿಗೆ ಸಿಕ್ಕಿಬಿದ್ದಿದ್ದ. ರೂಮು ತಂಪಾಯಿತೆಂದು ಮಾಲೀಕರು ಒಪ್ಪುವವರೆಗೆ ಅವನು ಕೆಲಸ ಬಿಟ್ಟು ಹೋಗುವಂತಿಲ್ಲ. ಗೌಡರು ಆ ರೂಮಿನಲ್ಲೇ ಶಾಲು ಹೊದ್ದು ಕೂತು, "ಇನ್ನಾ ತಂಪಾಗಿಲ್ಲ" ಅನ್ನುತ್ತಿದ್ದರು. ಆ ನೆಪದಲ್ಲಿ ಲಾಡ್ಜಿನ ಫ್ಯಾನು, ಪಂಪುಗಳನ್ನೆಲ್ಲ ಪುಕ್ಕಟೆ ರಿಪೇರಿ ಮಾಡಿಸುತ್ತಿದ್ದರು. ಹುಸೇನಪ್ಪನ ಬೇರೆ ಗಿರಾಕಿಗಳು ಕೈಬಿಟ್ಟು ಹೋದರು. ತಗಡಿನ ಮನೆಯಲ್ಲಿ ಹೆಂಡತಿ ನಿದ್ದೆಯಿಲ್ಲದೆ ಬೇಯುತ್ತಿದ್ದಳು.

ಒಂದು ಮಧ್ಯಾಹ್ನ ಅವನು ಹೆಂಡತಿ, ಹಾಸಿಗೆ, ಪಾತ್ರೆಗಳ ಸಮೇತ ಆ ರೂಮಿಗೇ ಬಂದು ಹಾಸಿಗೆ ಹಾಸಿಬಿಟ್ಟ. ಹೆಂಡತಿ ತಂಪಿಗೆ ಅಲ್ಲೇ ಅಡ್ಡಾದಳು.

"ಏನಲೇ ಇದು?" ಗೌಡರು ಹೌಹಾರಿದರು.

"ನೀವು ಒಪ್ಪೋತನಕ ನಾ ಹೋಗಂಗಿಲ್ಲಲ್ರೀ ಗೌಡ್ರೇ. ಮಳಿಗಾಲದತನಕ ಒಪ್ಪಬ್ಯಾಡ್ರೀ, ನಿಮಗ ಪುಣ್ಯ ಬರತೈತಿ."

"ತಂಪಾಗೇತಿ! ಒಪ್ಪೀನಿ!" ಗೌಡರು ಕಿರುಚಿ ಸಹಿ ಹಾಕಿದರು.

ಹುಸೇನಪ್ಪ ಗೆದ್ದ. ಆದರೆ ಹೆಂಡತಿಗೆ ಆಗಷ್ಟೇ ನಿದ್ದೆ ಹತ್ತಿತ್ತು. ಅವಳನ್ನು ಎಬ್ಬಿಸಿ, ಹಾಸಿಗೆ ಸುತ್ತಿ, ಕಾದ ತಗಡಿನ ಮನೆಗೆ ನಡೆದ.